ಎರಡು ಚಮಚ ಹಸಿರು ಪುಡಿ

ಹೊಳೆ ದಂಡೆಯ ಆ ಪ್ರಯೋಗಶಾಲೆಯಲ್ಲಿ ಇದ್ದದ್ದು ಒಂದೇ ಕುಲುಮೆ, ಅದಕ್ಕೊಂದೇ ಕೀಲಿ. ಕೀಲಿ ಮರುಳಯ್ಯ ಮೇಷ್ಟ್ರ ಉಡಿದಾರದಲ್ಲಿ ತೂಗುತ್ತಿತ್ತು.

ಮುಂದಿನ ತಿಂಗಳು ಮೇಷ್ಟ್ರು ಕೆಲಸ ಬಿಡುವವರಿದ್ದರು. ಶಿಷ್ಯರು ಇಬ್ಬರು. ಪರಶಿವ ಬಂದು ಏಳು ವರ್ಷ, ರುದ್ರಾಣಿ ಬಂದು ಒಂದೂವರೆ ವರ್ಷ.

"ಇಬ್ಬರೂ ಒಂದೊಂದು ಬಿಲ್ಲೆ ಬೇಯಿಸಿ," ಎಂದರು ಮೇಷ್ಟ್ರು. "ಯಾರ ಬಿಲ್ಲೆ ಅಯಸ್ಕಾಂತವನ್ನು ಗಟ್ಟಿಯಾಗಿ ಹಿಡಿಯುತ್ತದೋ ಅವರಿಗೆ ಕೀಲಿ."

ಬಿಲ್ಲೆ ಎಂದರೆ ಸೂಪರ್‌ಕಂಡಕ್ಟರ್. ಕರಿ ಪುಡಿ ಒತ್ತಿ ಕುಲುಮೆಯಲ್ಲಿ ಬೇಯಿಸಿದ್ದು. ಅದನ್ನು ವಿಪರೀತ ತಣ್ಣಗೆ ಮಾಡಿದರೆ ಅದರ ಮೇಲೆ ಅಯಸ್ಕಾಂತ ತೇಲುತ್ತದೆ.

ಪರಶಿವ ತನ್ನ ಪುಡಿಯನ್ನು ನಾಲ್ಕು ಸಲ ಜರಡಿ ಹಿಡಿದ. ಮೇಷ್ಟ್ರು ಹಾದುಹೋದರು, ಅವನ ಕಡೆ ನೋಡಲೂ ಇಲ್ಲ. ರುದ್ರಾಣಿಯ ಮೇಜಿನ ಹತ್ತಿರ ಮಾತ್ರ ನಿಂತು, "ಕೈ ಪಳಗಿದೆ ಕಣಮ್ಮಾ," ಎಂದರು.

ಅಷ್ಟೇ ಸಾಕಾಯಿತು. ಪರಶಿವನ ಹೊಟ್ಟೆಗೆ ಬೆಂಕಿ ಬಿತ್ತು. ಏಳು ವರ್ಷದಲ್ಲಿ ಒಂದು ದಿನವೂ ಅವನಿಗೆ ಆ ಮಾತು ಸಿಕ್ಕಿರಲಿಲ್ಲ. ನಿನ್ನೆ ಮೊನ್ನೆ ಬಂದವಳಿಗೆ ಸಿಕ್ಕಿತು!

ಮಧ್ಯಾಹ್ನ ರುದ್ರಾಣಿ ಊಟಕ್ಕೆ ಎದ್ದಳು. ಮೂಲೆಯಲ್ಲೊಂದು ಡಬ್ಬಿ ಇತ್ತು. ಯಾವಾಗಲೋ ಪಾಕ ಕೆಟ್ಟು ಉಳಿದ ಹಸಿರು ಪುಡಿ, ಕಸವೆಂದು ಎತ್ತಿಟ್ಟದ್ದು. ಪರಶಿವ ಅದರಿಂದ ಎರಡು ಚಮಚ ಅವಳ ಕರಿ ಪುಡಿಗೆ ಸುರಿದು ಚೆನ್ನಾಗಿ ಕಲಸಿದ. ಆಮೇಲೆ ಕೈ ತೊಳೆದುಕೊಂಡು ಹೋಗಿ ಅವಳ ಪಕ್ಕದಲ್ಲೇ ಕೂತು ಊಟ ಮಾಡಿದ, ಮಹಾನುಭಾವ.

ಬಿಲ್ಲೆಗಳು ಬೆಂದು ಬಂದವು. ಮೇಷ್ಟ್ರು ಎರಡರ ಮೇಲೂ ಒಂದೊಂದು ಅಯಸ್ಕಾಂತ ಹಿಡಿದು, ಹೊಗೆಯಾಡುವ ತಣ್ಣನೆಯ ದ್ರವ ಸುರಿದರು. ಎರಡು ಅಯಸ್ಕಾಂತಗಳೂ ತೇಲಿದವು.

ಪರಶಿವನ ಬಿಲ್ಲೆಯನ್ನು ಇಕ್ಕಳದಲ್ಲಿ ಎತ್ತಿ ತಲೆಕೆಳಗು ಮಾಡಿದರು. ಅಯಸ್ಕಾಂತ ಟಣ್ ಎಂದು ಮೇಜಿಗೆ ಬಿತ್ತು.

ರುದ್ರಾಣಿಯದನ್ನು ತಲೆಕೆಳಗು ಮಾಡಿದರು. ಅಯಸ್ಕಾಂತ ಬಿಲ್ಲೆಯ ಕೆಳಗೆ, ಏನನ್ನೂ ಮುಟ್ಟದೆ, ಗಾಳಿಯಲ್ಲಿ ನೇತಾಡಿತು. ಮೇಷ್ಟ್ರು ಅಲುಗಾಡಿಸಿದರು. ಬೀಳಲಿಲ್ಲ.

"ಮೇಷ್ಟ್ರೇ, ನನ್ನದರಲ್ಲಿ ಒಂದೇ ಒಂದು ದೋಷ ಇಲ್ಲ!" ಎಂದ ಪರಶಿವ.

"ಅದೇ ಅದರ ಗೋಳು."

ಹೆಗಲ ಮೇಲಿದ್ದ ಟವೆಲ್ಲನ್ನು ಅವನತ್ತ ಎಸೆದರು. "ಗೋಡೆಗೆ ತೂಗುಹಾಕು."

ಪರಶಿವ ನುಣ್ಣನೆಯ ಗೋಡೆಗೆ ಟವೆಲ್ ಒತ್ತಿದ. ಜಾರಿತು. ಮತ್ತೆ ಒತ್ತಿದ, ಮತ್ತೆ ಜಾರಿತು. ಕೊನೆಗೆ ಆ ಗೋಡೆಗೆ ಯಾರೋ ಹೊಡೆದಿದ್ದ ಮೊಳೆಗೆ ಸಿಕ್ಕಿಸಿದ.

"ಒಳ್ಳೆ ಗೋಡೆ ಕೆಡಿಸಿದ್ದಾರೆ, ಯಾರೋ ಪುಣ್ಯಾತ್ಮರು," ಎಂದರು ಮೇಷ್ಟ್ರು. "ನೋಡು, ಅಯಸ್ಕಾಂತದ ಬಲ ಎಳೆಎಳೆಯಾಗಿ ಬಿಲ್ಲೆಯೊಳಗೆ ಇಳಿಯುತ್ತೆ. ಒಂದೊಂದು ಎಳೆಯೂ ಒಂದು ಪುಟ್ಟ ಸುಳಿ. ನಿನ್ನದರಲ್ಲಿ ಸುಳಿಗಳು ಚೆಂದವಾಗಿ ಸಾಲುಗಟ್ಟಿ ನಿಲ್ಲುತ್ತವೆ. ಎಳೆದರೆ ಸಾಲಿಗೆ ಸಾಲೇ ಜಾರುತ್ತೆ. ಕೊಂಚ ಬಿಸಿ ತಾಗಿದರೆ ಸಾಲೇ ಕರಗಿ ನೀರಾಗುತ್ತೆ. ಇವಳದರಲ್ಲಿ ಏನೋ ಕಸ ಸೇರಿದೆ. ಕಸ ಇದ್ದಲ್ಲಿ ಸುಳಿ ಸಿಕ್ಕಿಕೊಂಡಿದೆ. ಸಾಲು ಕೆಟ್ಟಿತು, ಹಿಡಿತ ಬಂತು."

ರುದ್ರಾಣಿಯ ಕಡೆ ತಿರುಗಿದರು. "ಏನು ಹಾಕಿದೆಯಮ್ಮಾ?"

"ಏನೂ ಇಲ್ಲ ಮೇಷ್ಟ್ರೇ. ನೀವು ಹೇಳಿದ್ದಷ್ಟೇ. ಇದು ಹೇಗಾಯ್ತೋ ನನಗೂ ಗೊತ್ತಿಲ್ಲ."

"ಹಾಗಾದರೆ ಇನ್ನೊಂದು ಮಾಡೋಕೆ ಬರಲ್ಲ."

"ಬರಲ್ಲ," ಎಂದಳು. ಮುಖ ಸಣ್ಣದಾಯಿತು.

ಮೇಷ್ಟ್ರು ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. "ಇಂಥದ್ದು ಇನ್ನೊಂದು ಮಾಡಬಲ್ಲವರು ತಗೊಳ್ಳಿ."

ಪರಶಿವ ಕೀಲಿ ನೋಡಿದ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಸುಮ್ಮನಿರೋಣವೆಂದರೆ ಆ ಅಯಸ್ಕಾಂತ ಇನ್ನೂ ನೇತಾಡುತ್ತಿತ್ತು, ಅವಳ ಹೆಸರಿನಲ್ಲಿ. ಹಿಡಿದದ್ದು ಅವನ ಪುಡಿ, ಮೆಚ್ಚುಗೆ ಅವಳಿಗೆ! ಅಯ್ಯೋ, ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

"ಅದು ನನ್ನದು ಮೇಷ್ಟ್ರೇ! ಹಸಿರು ಪುಡಿ ಹಾಕಿದ್ದು ನಾನು!"

ಹೇಳಿಬಿಟ್ಟ ಮೇಲೆ ಏನು ಹೇಳಿದೆನೆಂದು ಅವನಿಗೆ ಗೊತ್ತಾಯಿತು.

"ಯಾಕೆ ಹಾಕಿದೆ?" ಎಂದು ಕೇಳಿದವಳು ರುದ್ರಾಣಿ.

"ಕೆಟ್ಟುಹೋಗಲಿ ಅಂತ." ಅವನು ತಲೆ ಎತ್ತಲಿಲ್ಲ. "ಹೊಟ್ಟೆ ಉರೀತು ರುದ್ರಾಣಿ."

ಇಕ್ಕಳದ ಬಿಲ್ಲೆ ಬೆಚ್ಚಗಾಗಿ, ಅಯಸ್ಕಾಂತ ಈಗ ಬಿತ್ತು.

"ಎಷ್ಟು ಹಾಕಿದೆ?" ಎಂದರು ಮೇಷ್ಟ್ರು.

"ಎರಡು ಚಮಚ."

"ತೂಕ?"

"ಸಿಟ್ಟಿನಲ್ಲಿದ್ದೆ. ತೂಕ ಮಾಡಲಿಲ್ಲ."

"ಹಾಗಾದರೆ ಇನ್ನೊಂದು ಮಾಡೋಕೆ ನಿನಗೂ ಬರಲ್ಲ."

ಮೇಷ್ಟ್ರು ಇಕ್ಕಳ ಕೆಳಗಿಟ್ಟರು. "ಹಿಡಿದದ್ದು ಇವಳ ಬಿಲ್ಲೆ," ಎಂದು ಕೀಲಿಯನ್ನು ರುದ್ರಾಣಿಯ ಅಂಗೈಯಲ್ಲಿಟ್ಟರು. ಮೂಲೆಯ ಡಬ್ಬಿ ತಂದು, ಧೂಳು ಒರೆಸಿ, ಪರಶಿವನ ಕೈಗೆ ಕೊಟ್ಟರು.

"ನಾಳೆ ಮತ್ತೆ ಹಾಕು," ಎಂದರು. "ತೂಕ ಮಾಡಿ ಹಾಕು. ಅವಳ ಎದುರಿಗೆ ಹಾಕು."