ತಟ್ಟದ ಬಾಗಿಲು

"ಗುರುಗಳೇ, ಹತ್ತಾರು ನಾಡು ಸುತ್ತಿ ಬಂದೆ. ಕಾಯಿಲೆ ಬಿದ್ದವನನ್ನು ನೋಡಲು ಎಷ್ಟು ಜನ ಬರುತ್ತಾರೆ ಎಂಬುದರ ಮೇಲೆ ಆ ನಾಡಿನ ಬದುಕನ್ನು ಅಳೆದೆ. ನನ್ನ ಅಳತೆ ಸರಿಯೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಸರಿಯೆನ್ನಲಿಲ್ಲ, ತಪ್ಪೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಮೆಣಸು ಮಾರಲು ದೂರದ ಬೆಟ್ಟದೂರಿಗೆ ಹೋಗಿ ಅಲ್ಲೇ ಬಾಡಿಗೆಗೆ ಮನೆ ಹಿಡಿದನು. ಅವನ ಹುಟ್ಟೂರು ಗಲಗಲ ಎನ್ನುವ ಊರು. ಅಲ್ಲಿ ಒಬ್ಬ ಸೀನಿದರೆ ಸಾಕು, ನೆರೆಹೊರೆಯವರೆಲ್ಲ ಕಷಾಯ ಹಿಡಿದು ಬಾಗಿಲು ಬಡಿಯುತ್ತಾರೆ. ಬೇಡವೆಂದರೆ ಮೂಗು ಹಿಡಿದು ಕುಡಿಸುತ್ತಾರೆ.

ಬೆಟ್ಟದೂರಿನ ಚಳಿಗೆ ವ್ಯಾಪಾರಿಗೆ ಜ್ವರ ಬಂತು. ಬಾಗಿಲು ಹಾಕಿಕೊಂಡು ಮಲಗಿದನು. ಈಗ ಬರುತ್ತಾರೆ, ಇನ್ನೇನು ಬಂದೇ ಬಿಡುತ್ತಾರೆ ಎಂದು ಕಿವಿಗೊಟ್ಟು ಕಾದನು. ಯಾರೂ ಬಾಗಿಲು ತಟ್ಟಲಿಲ್ಲ. ತಾನೇ ತೂರಾಡುತ್ತ ಎದ್ದು ಗಂಜಿ ಕಾಯಿಸಿಕೊಂಡನು. ಹೊರಗೆ ಹೋಗಿ ಕರೆಯಲು ಅಭಿಮಾನ ಅಡ್ಡ ಬಂತು. ಸತ್ತರೂ ಕೇಳುವವರಿಲ್ಲದ ಊರಿದು ಎಂದು ಗೋಡೆಯ ಕಡೆ ತಿರುಗಿ ಮಲಗಿ ಅತ್ತನು. ಜ್ವರಕ್ಕಿಂತ ಆ ಒಂಟಿತನವೇ ಅವನನ್ನು ಹೆಚ್ಚು ಸುಟ್ಟಿತು.

ಜ್ವರ ಇಳಿದ ದಿನ ಗಂಟುಮೂಟೆ ಕಟ್ಟಿದನು. ಇನ್ನು ಈ ಊರಿನ ಮುಖ ನೋಡಲಾರೆನೆಂದು ಬಾಗಿಲು ತೆರೆದನು. ಜಗಲಿಯ ಮೇಲೆ ನೆರೆಮನೆಯ ಮುದುಕಿ ಕಂಬಳಿ ಹೊದ್ದು ಕೂತಿದ್ದಳು.

"ಎದ್ದೆಯಾ ಅಪ್ಪಾ? ಓಣಿಯವರೆಲ್ಲ ಸರದಿಯ ಮೇಲೆ ಇಲ್ಲೇ ಕೂತಿದ್ದೆವು. ನೀನು ಬಾಗಿಲನ್ನೇ ತೆರೆಯಲಿಲ್ಲ. ನಿಮ್ಮ ಕಡೆಯವರಿಗೆ ಜನ ಬೇಡವೇನೋ ಅಂದುಕೊಂಡೆವು."

"ಒಂದು ಸಲ ತಟ್ಟಬಾರದಿತ್ತೇ, ಅಜ್ಜಿ?"

ಮುದುಕಿ ಬೆಚ್ಚಿಬಿದ್ದಳು. "ಬಿಡ್ತು ಅನ್ನು! ಸಾವಿನ ಸುದ್ದಿ ತಂದವರಲ್ಲದೆ ಬೇರೆ ಯಾರಾದರೂ ಬಾಗಿಲು ತಟ್ಟುತ್ತಾರೆಯೇ?"

ತಾನು ಅಳುತ್ತಿದ್ದಾಗ ಬಾಗಿಲಾಚೆ ಒಬ್ಬರು ಚಳಿಯಲ್ಲಿ ಕೂತಿದ್ದರೆಂದು ತಿಳಿದು ವ್ಯಾಪಾರಿಗೆ ಇನ್ನಷ್ಟು ದುಃಖವಾಯಿತು. ಗಂಟನ್ನು ಕೆಳಗಿಟ್ಟು ಮುದುಕಿಯ ಪಕ್ಕದಲ್ಲಿ ಕೂತನು.

ಕತೆ ಮುಗಿಯಿತು. ಶಿಷ್ಯನ ಮುಖ ಸಣ್ಣದಾಗಿತ್ತು.

"ಗುರುಗಳೇ, ನಾನೂ ಅಂಥದೊಂದು ಊರಿಗೆ ಹೋಗಿದ್ದೆ. ಅಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದನ್ನು ಕಾಣಲಿಲ್ಲ. ನನ್ನ ಅಳತೆಯಲ್ಲಿ ಆ ಊರನ್ನು ಎಲ್ಲಕ್ಕಿಂತ ಕೆಳಗಿಟ್ಟು ಬಂದೆ."

ಗುರುಗಳು ಕೇಳಿದರು: "ಅಲ್ಲಿ ನೀನು ಯಾರ ಜಗಲಿಯ ಮೇಲೆ ಕೂತಿದ್ದೆ, ಮಗು?"