ಹದ್ದು ಮುಟ್ಟದ ಅಂಗಳ

ಕರೇಕಲ್ಲು ಗುಡ್ಡದ ಬುಡದಲ್ಲಿ, ಮೂರೇ ಕಡೆ ಗೋಡೆಯಿದ್ದ ಒಂದು ಹಳೆಯ ಕಲ್ಲುಮಂಟಪವೇ ಪೂಜ್ಯ ಶ್ರೀ ಬಯಲಾನಂದ ತಾತನವರ ಮಠ. ಹಾಸಲು ಒಂದು ಕಂಬಳಿ, ಹೊದೆಯಲು ಒಂದು ಕಾವಿ ವಸ್ತ್ರ, ಅದನ್ನು ಒಗೆದಾಗ ಇನ್ನೊಂದು. ತಾತನವರ ಉಪದೇಶ ಕೇಳಿದವರು ಕಡಿಮೆ. ತಾತನವರು ಬೆಳಿಗ್ಗೆ ಎದ್ದು ಕೂರುವರು, ಭಕ್ತರು ತಂದ ಕಡಲೆಕಾಯಿ ಸುಲಿಯುವರು, ಬಂದವರ ಕೈಗೆ ಹಾಕುವರು. ಅಷ್ಟಕ್ಕೇ ಜನ ಸುತ್ತಲ ಊರುಗಳಿಂದ ನಡೆದು ಬರುತ್ತಿದ್ದರು.

ಇದು ಅರ್ಥವಾಗದವರು ಆ ಊರಿನಲ್ಲಿ ಒಬ್ಬರಿದ್ದರು. ಸುಬೇದಾರ್ ಓಬಳೇಶಪ್ಪನವರು, ಸೈನ್ಯದಿಂದ ನಿವೃತ್ತರಾಗಿ, ಮೀಸೆಯನ್ನೂ ಖಾಕಿ ಚಡ್ಡಿಯನ್ನೂ ಉಳಿಸಿಕೊಂಡು ಬಂದವರು. ಸುಮ್ಮನೆ ಕೂತವರಿಗೆಲ್ಲ ಕೈ ಮುಗಿಯುವುದಾದರೆ ನಮ್ಮ ಪಲ್ಟನ್ನಿನಲ್ಲಿ ಅರ್ಧ ಜನ ಸ್ವಾಮಿಗಳೇ ಎಂದು ಅರಳಿಕಟ್ಟೆಯಲ್ಲಿ ನಗಿಸುತ್ತಿದ್ದರು.

ಅಂಥವರೂ ಒಂದು ದಿನ ಮಂಟಪದ ಮೆಟ್ಟಿಲು ಹತ್ತಬೇಕಾಯಿತು. ಕಾರಣ, ಹದ್ದು.

ಅವರ ಪತ್ನಿ ಸಿರಿಯಮ್ಮನವರು ಚುಕ್ಕಿ ಎಂಬ ಕೋಳಿಯನ್ನು ಸಾಕಿದ್ದರು. ಹಿಂದಿನ ಸಲ ಅದು ಮರಿ ಮಾಡಿದಾಗ, ತಾವು ಸಂತೆಯಿಂದ ಬರುವ ತನಕ ಅಂಗಳದಲ್ಲಿ ಕೂತು ನೋಡಿಕೊಳ್ಳಿ ಎಂದು ಗಂಡನಿಗೆ ಹೇಳಿ ಹೋಗಿದ್ದರು. ಸುಬೇದಾರರು ಅರಳಿಕಟ್ಟೆಯಲ್ಲಿ ಇಸ್ಪೀಟಿಗೆ ಕೂತರು. ಸಿರಿಯಮ್ಮನವರು ಬರುವಷ್ಟರಲ್ಲಿ ಹದ್ದು ಅಂಗಳ ಗುಡಿಸಿದಂತೆ ಮಾಡಿ ಹೋಗಿತ್ತು. ಚುಕ್ಕಿ ಕೂಗುತ್ತ ಬೇಲಿ ಸುತ್ತುತ್ತಿತ್ತು. ಅಂದಿನಿಂದ ಆಕೆ ಗಂಡನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ಕೋಳಿಗೆ ಹೇಳುತ್ತಿದ್ದರು.

"ಚುಕ್ಕಿ, ಮುದ್ದೆ ಆಗಿದೆ ಅಂತ ಹೇಳಮ್ಮ. ಸಾರಿಗೆ ಉಪ್ಪು ಕಮ್ಮಿ ಅಂತ ಯಾರೂ ಮೂತಿ ತಿರುಗಿಸೋದು ಬೇಡ ಅಂತಲೂ ಹೇಳು."

ಪಲ್ಟನ್ನನ್ನೇ ನಡುಗಿಸಿದವರು ಕೋಳಿಯ ಮುಖ ನೋಡಿಕೊಂಡು ಉಣ್ಣುವಂತಾಯಿತು.

ಈಗ ಚುಕ್ಕಿ ಮತ್ತೆ ಮರಿ ಮಾಡಿತ್ತು. ಬುಟ್ಟಿ ಕವುಚಿಟ್ಟರೆ ಮರಿಗಳು ಮೇವಿಲ್ಲದೆ ಸೊರಗುತ್ತಿದ್ದವು. ಬಿಟ್ಟರೆ ಮೇಲೆ ಹದ್ದು ಸುತ್ತುತ್ತಿತ್ತು. ಈ ಸಲವೂ ಮರಿಗಳು ಹೋದರೆ ತಾಯಿಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೊರಟುಬಿಡುವುದಾಗಿ ಸಿರಿಯಮ್ಮನವರು ಹೇಳಿದ್ದರು, ಚುಕ್ಕಿಗೇ.

ಸುಬೇದಾರರು ಮಂಟಪದಲ್ಲಿ ನಿಂತುಕೊಂಡೇ, ತಮ್ಮಲ್ಲಿ ಮಹಿಮೆಯಿರುವುದು ನಿಜವಾದರೆ ಹದ್ದನ್ನು ತಡೆಯಲು ತಾಯತವೋ ವಿಭೂತಿಯೋ ಕೊಡಿ ಎಂದರು. ಫಲಿಸದಿದ್ದರೆ ಊರಿಗೆಲ್ಲ ಹೇಳುತ್ತೇನೆಂಬುದನ್ನೂ ಮುಚ್ಚಿಡಲಿಲ್ಲ. ತಾತನವರು ಒಮ್ಮೆ ಆಕಾಶ ನೋಡಿ, ಕಲ್ಲಿನ ಮೇಲೆ ಒಣಗುತ್ತಿದ್ದ ತಮ್ಮ ಕಾವಿ ವಸ್ತ್ರವನ್ನು ತೆಗೆದುಕೊಟ್ಟರು.

"ಇದನ್ನ ಹೊದ್ದು ಅಂಗಳದಲ್ಲಿ ಕೂತ್ಕೊಳಪ್ಪ. ಮರಿ ಬಲಿಯೋ ತನಕ, ಹಗಲೆಲ್ಲ. ಯಾರು ಬಂದರೂ ಬೈಬೇಡ."

ಇದರಲ್ಲಿ ಏನೂ ಇಲ್ಲವೆಂದು ತೋರಿಸಿಯೇ ಬಿಡುವ ಹಟದಿಂದ ಸುಬೇದಾರರು ಮಾರನೆಯ ಬೆಳಿಗ್ಗೆ ಖಾಕಿ ಚಡ್ಡಿಯ ಮೇಲೆ ಕಾವಿ ಹೊದ್ದು ಕೂತರು. ಮನೆ ಮಠದ ದಾರಿಯಲ್ಲೇ ಇತ್ತು. ದೂರದೂರಿನ ಹೆಂಗಸರು ಕಾವಿ ಕಂಡೊಡನೆ ಇವರೇ ತಾತನವರೆಂದು ಬಾಳೆಹಣ್ಣು ಇಟ್ಟು ಅಡ್ಡಬಿದ್ದರು. ಬೈಯುವಂತಿಲ್ಲ, ಏಳುವಂತಿಲ್ಲ. ಮರಿಯೊಂದು ಅವರ ತೊಡೆ ಹತ್ತಿ ನಿದ್ದೆ ಹೋದದ್ದನ್ನು ಒಬ್ಬ ಮುದುಕಿ ಸೊಸೆಗೆ ತೋರಿಸಿ, ಹಕ್ಕಿಪಕ್ಷಿಗೂ ಗೊತ್ತಾಗುತ್ತೆ ನೋಡೇ ಎಂದು ಕಣ್ಣೊರೆಸಿಕೊಂಡಳು. ಒಬ್ಬ ರೈತ ಅಣ್ಣನ ಜೊತೆಗಿನ ಬದುವಿನ ಜಗಳವನ್ನು ಮೊದಲಿಂದ ಕೊನೆಯವರೆಗೆ ತೋಡಿಕೊಂಡ. ಸುಬೇದಾರರ ಕಣ್ಣು ಹದ್ದಿನ ಮೇಲಿತ್ತು. ಆತ ಅದನ್ನು ಧ್ಯಾನವೆಂದುಕೊಂಡ. ಮುಂದಿನ ವಾರ ಅಣ್ಣನನ್ನೂ ಕರೆತಂದು, ಹೇಳಿಕೊಂಡ ಮೇಲೆ ಮನಸ್ಸು ಹಗುರಾಯಿತು ಸ್ವಾಮಿ ಎಂದು ಕಾಲಿಗೆರಗಿದ.

"ಚುಕ್ಕಿ," ಎಂದು ಒಳಗಿನಿಂದ ಕೇಳಿಸಿತು, "ಸ್ವಾಮಿಗಳಿಗೆ ಬಾಳೆಹಣ್ಣು ಹೆಚ್ಚಾಗಿದ್ದರೆ ರಸಾಯನ ಮಾಡ್ತೀನಿ ಅಂತ ಹೇಳಮ್ಮ."

ಒಂದು ಮಧ್ಯಾಹ್ನ ಹದ್ದು ಕಲ್ಲು ಬಿದ್ದ ಹಾಗೆ ನೇರ ಇಳಿಯಿತು. ಸುಬೇದಾರರು ಕೂತಲ್ಲೇ ಎರಡೂ ತೋಳು ಚಾಚಿ ವಸ್ತ್ರ ಹರಡಿದರು. ಮರಿಗಳೆಲ್ಲ ಅದರಡಿಗೆ ನುಗ್ಗಿದವು, ಹಿಂದೆಯೇ ಚುಕ್ಕಿಯೂ. ಹದ್ದು ಏನೂ ಸಿಗದೆ ಮೇಲೇರಿತು. ಬಾಗಿಲಲ್ಲಿ ನಿಂತು ನೋಡಿದ ಸಿರಿಯಮ್ಮನವರು ಆ ದಿನ ಕೋಳಿಗೂ ಏನೂ ಹೇಳಲಿಲ್ಲ.

ಮರಿಗಳು ಬಲಿತ ಮೇಲೆ ಸುಬೇದಾರರು ವಸ್ತ್ರವನ್ನು ಒಗೆದು ಮಡಿಸಿ ಮಂಟಪಕ್ಕೆ ತಂದರು. ಒಂದು ಮರಿಯೂ ಹೋಗಲಿಲ್ಲವೆಂದು ಒಪ್ಪಿಕೊಂಡರು. ಸೋಲು ಮಾತ್ರ ಒಪ್ಪಲಿಲ್ಲ.

"ಇದು ನಿಮ್ಮ ಬಟ್ಟೆಯ ಮಹಿಮೆ ಅಲ್ಲ ತಾತ. ನಾನು ಅಲ್ಲಿ ಕೂತಿದ್ದೆ, ಅದಕ್ಕೇ ಹದ್ದು ಮುಟ್ಟಲಿಲ್ಲ."

ತಾತನವರು ಅವರ ಅಂಗೈಗೆ ಕಡಲೆಬೀಜ ಹಾಕಿದರು.

"ನಾನೂ ಇಲ್ಲಿ ಮಾಡೋದು ಅಷ್ಟೇ ಕಣಪ್ಪ."

ಸುಬೇದಾರರು ಕಡಲೆಬೀಜವನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ, ಆ ಮಂಟಪದಲ್ಲಿ ಮೊದಲ ಬಾರಿಗೆ, ಭಕ್ತರ ನಡುವೆ ನೆಲದ ಮೇಲೆ ಕೂತರು. ಹೊರಡುವಾಗ ತಾತನವರಿಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೇ ಹೆಜ್ಜೆಯಿಟ್ಟು ಮೆಟ್ಟಿಲಿಳಿದರು.

ಮಾರನೆಯ ಬೆಳಿಗ್ಗೆ ಮರಿಗಳಿಗೆ ಕಾವಲು ಬೇಕಿರಲಿಲ್ಲ. ಆದರೂ ಸುಬೇದಾರರು ಕಾವಿಯಿಲ್ಲದೆ ಬರೀ ಖಾಕಿಯಲ್ಲಿ ತಮ್ಮ ಜಾಗದಲ್ಲಿ ಕೂತರು. ಇಸ್ಪೀಟಿಗೆ ಕರೆ ಬಂತು, ಹೋಗಲಿಲ್ಲ. ಬಿಸಿಲಲ್ಲಿ ನಡೆದು ಬಂದ ಒಬ್ಬ ಹೆಂಗಸು ಸ್ವಾಮಿಗಳ ಮಠ ಇದೇನಾ ಎಂದು ಬೇಲಿಯಾಚೆಯಿಂದ ಕೇಳಿದಾಗ, ಮಠ ಇನ್ನೂ ಮುಂದಿದೆ ತಾಯಿ, ದಣಿದಿದ್ದರೆ ಕೂತು ಹೋಗಿ ಎಂದರು.

ಆಕೆ ನೀರು ಕುಡಿದು ಹೋದ ಮೇಲೆ ಸಿರಿಯಮ್ಮನವರು ಲೋಟ ಹಿಡಿದು ಹೊರಗೆ ಬಂದರು. ಚುಕ್ಕಿಗಾಗಿ ಅತ್ತಿತ್ತ ನೋಡಿದರು. ಅದು ಮರಿಗಳೊಡನೆ ತಿಪ್ಪೆ ಕೆದಕುತ್ತಿತ್ತು.

"ಏನೂಂದ್ರೆ," ಎಂದರು ನೇರವಾಗಿ ಗಂಡನಿಗೇ, "ಕಾಫಿ ಆರೋಗುತ್ತೆ."