ದುಂಡಪ್ಪನವರು ಹಿಡಿದ ಬೆಳಕು

ಎರಕದ ಕಾರ್ಖಾನೆಯ ಫೋಟೋ ತೆಗೆಯಲು ಇಂದುಮತಿ ಒಂದು ಕ್ಯಾಮೆರಾ, ಒಂದು ಬಿಳಿ ಚಾದರ ತಂದಿದ್ದಳು.

“ದೊಡ್ಡ ಲೈಟು ಎಲ್ಲಿ? ಚಾದರ ಹಿಡಕೊಂಡು ಕೂಸಿನ ತೊಟ್ಟಿಲ ಫೋಟೋಕ್ಕ ಬಂದೀರೇನು? ಲೈಟಿಲ್ಲಾಂದ್ರ ಮನಿಗೆ ಹೋಗ್ರಿ!” ಮಾಲೀಕ ದುಂಡಪ್ಪನವರು ಎಲ್ಲರೆದುರು ಗದರಿದರು.

ಕೆಲಸಗಾರರು ನಕ್ಕರು. ನಾಚಿಕೆಯಿಂದ ಇಂದುಮತಿಗೆ ತಲೆ ಎತ್ತಲಾಗಲಿಲ್ಲ. ನೆಲ ನೋಡುತ್ತಲೇ ಹೇಳಿದಳು: “ಲೈಟು ಐತ್ರಿ. ಹಿಡಿಯಾಕ ದೊಡ್ಡವರೇ ಬೇಕು.”

ದುಂಡಪ್ಪನವರು ಎದೆಯುಬ್ಬಿಸಿ ಮುಂದೆ ಬಂದರು. ಅವಳು ಚಾದರದ ಎರಡು ತುದಿ ಅವರ ಕೈಗಿಟ್ಟಳು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿದಾಗ ಅದರ ಬೆಳಕು ಚಾದರಕ್ಕೆ ಬಡಿದು, ಕತ್ತಲಲ್ಲಿದ್ದ ಮುಖಗಳ ಮೇಲೆ ಬಂಗಾರದಂತೆ ಬಿತ್ತು.

ಫೋಟೋ ನೋಡಿ ದುಂಡಪ್ಪನವರು ಬೆರಗಾದರು. “ಇಷ್ಟು ಬೆಳಕು ಎಲ್ಲಿಂದ ಬಂತು?”

“ನಿಮ್ಮ ಕುಲುಮಿಯಿಂದ್ರೀ. ನಾ ತಂದದ್ದು ಬರೇ ಚಾದರ.”

ಕೆಲಸಗಾರರು ಮತ್ತೆ ನಕ್ಕರು. ಈ ಸಲ ತಲೆ ತಗ್ಗಿಸಿದವರು ದುಂಡಪ್ಪನವರು. ಚಾದರ ಮಡಚಿ ಕೊಡುತ್ತಾ ಮೆಲ್ಲಗೆ ಅಂದರು: “ನಾಳೆ ಇದನ್ನ ತರೂದು ಮರೀಬ್ಯಾಡ್ರಿ.”